ಧಾರೆ ಎರಡು ಸಲ ಆಗುವುದಿಲ್ಲ: ತಾಲ್ಲೂಕು ಫೋಟೊಗ್ರಾಫರ್‌ಗಳ ಸಂಘ ಕಟ್ಟಿ ನಡೆಸುವ ಬಗೆ

ಫೋಟೊಗ್ರಾಫರ್‌ಗಳ ಸಂಘ ಅಂದರೆ ನಮ್ಮ ಕಡೆ ಎಲ್ಲರಿಗೂ ಮೊದಲು ನೆನಪಾಗುವುದು ಆಗಸ್ಟ್ 19. ಅವತ್ತು ವಿಶ್ವ ಛಾಯಾಗ್ರಹಣ ದಿನ. 1839ರ ಅದೇ ದಿನ ಫ್ರಾನ್ಸ್ ಸರ್ಕಾರ ಡಾಗೆರೊಟೈಪ್ ಅನ್ನುವ, ಫೋಟೊ ತೆಗೆಯುವ ಹಳೇ ವಿಧಾನವನ್ನು ಜಗತ್ತಿನ ಮುಂದಿಟ್ಟಿತ್ತು. ನಮ್ಮೂರಲ್ಲಿ ಅದಕ್ಕೆ ಒಂದು ಬ್ಯಾನರ್, ಹಿರಿಯ ಸ್ಟುಡಿಯೊದವರೊಬ್ಬರಿಗೆ ಶಾಲು ಮತ್ತು ಹಣ್ಣಿನ ಬುಟ್ಟಿ, ಎರಡು ಭಾಷಣ, ಕೇಸರಿಬಾತ್, ಕೊನೆಗೆ ಗ್ರೂಪ್ ಫೋಟೊ. ಎಲ್ಲರೂ ಫೋಟೊಗ್ರಾಫರ್‌ಗಳೇ ಆದರೂ ಅದರಲ್ಲಿ ಯಾರೋ ಒಬ್ಬರು ಕಣ್ಣು ಮುಚ್ಚಿರುತ್ತಾರೆ. ಆಮೇಲೆ ಸಂಘ ಮಲಗಿದರೆ ಏಳುವುದು ಮುಂದಿನ ಆಗಸ್ಟಿಗೆ.

ನಾನು ಮಲೆನಾಡಿನ ಒಂದು ತಾಲ್ಲೂಕಿನಲ್ಲಿ ಸ್ಟುಡಿಯೊ ಇಟ್ಟುಕೊಂಡವನು. ಆರು ವರ್ಷ ಸಂಘದ ಕಾರ್ಯದರ್ಶಿ ಆಗಿದ್ದೆ. ನಮ್ಮ ಸಂಘಕ್ಕೆ ಜೀವ ಬಂದದ್ದು ಒಂದು ವೈಶಾಖದ ದಿನ, ಬೆಳಿಗ್ಗೆ ಐದೂವರೆಗೆ ಬಂದ ಫೋನಿನಿಂದ. ಸದಸ್ಯರೊಬ್ಬರು ಮದುವೆಮನೆಗೆ ಹೊರಟಿದ್ದರು. ಘಾಟಿ ತಿರುವಿನಲ್ಲಿ ಬೈಕ್ ಜಾರಿ ಕೈ ಮುರಿದಿತ್ತು. ಒಂಬತ್ತೂವರೆಗೆ ಧಾರೆ ಮುಹೂರ್ತ. ಅವತ್ತು ಊರಲ್ಲಿದ್ದ ಎಲ್ಲರಿಗೂ ಕೆಲಸ ಇತ್ತು. ಹನ್ನೆರಡು ಜನರಿಗೆ ಫೋನ್ ಮಾಡಿದ ಮೇಲೆ, ಕೆಲಸ ಬಿಟ್ಟು ತೋಟ ನೋಡಿಕೊಂಡಿದ್ದ ಹಿರಿಯರೊಬ್ಬರು ಸಿಕ್ಕರು. ನನ್ನ ಹಳೇ ಕ್ಯಾಮೆರಾ ಕೊಟ್ಟು ಕಳಿಸಿದೆ. ಧಾರೆಗೆ ಹತ್ತು ನಿಮಿಷ ಇರುವಾಗ ಅವರು ಛತ್ರ ತಲುಪಿದರು.

ಮಾಂಗಲ್ಯಧಾರಣೆಯ ಫೋಟೊ ತಪ್ಪಿದರೆ ಮತ್ತೊಮ್ಮೆ ಕಟ್ಟಿ ಅನ್ನುವ ಹಾಗಿಲ್ಲ, ಅಲ್ವಾ? ನಮ್ಮ ಕಸುಬಿನ ಭಯ ಪೂರ್ತಿ ಇಲ್ಲೇ ಇದೆ. ಹಾಗಾಗಿ ಸಂಘ ಕಟ್ಟುವವರಿಗೆ ನಾನು ಹೇಳುವ ಕ್ರಮ ಸ್ವಲ್ಪ ಉಲ್ಟಾ ಅನಿಸಬಹುದು. ಬೈಲಾ, ಸೀಲು, ಲೆಟರ್‌ಹೆಡ್ ಎಲ್ಲ ಆಮೇಲೆ ಬರಲಿ.

ಒಂದು: ಮೊದಲು ಬದಲಿ ಪಟ್ಟಿ

ಏಳೆಂಟು ಜನ ಸೇರಿದರೆ ಸಾಕು, ಈ ಕೆಲಸ ಶುರು ಮಾಡಬಹುದು. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮುಂದಿನ ಆರು ತಿಂಗಳ ಮುಹೂರ್ತದ ದಿನಗಳನ್ನು ಪಂಚಾಂಗ ನೋಡಿ ಬರೆಯಿರಿ. ಪ್ರತಿ ದಿನದ ಎದುರು ಯಾರಿಗೆ ಕೆಲಸ ಇದೆ, ಯಾರು ಖಾಲಿ ಅಂತ ತುಂಬಿಸಿ. ಗಿರಾಕಿ ಹೆಸರು, ದುಡ್ಡು ಯಾವುದೂ ಬೇಡ. ಅದನ್ನು ಕೇಳಿದರೆ ಯಾರೂ ನಿಜ ಹೇಳುವುದಿಲ್ಲ.

ತುಂಬಿಸಿದ ಮೇಲೆ ಕಷ್ಟ ಕಾಣುತ್ತದೆ. ದೊಡ್ಡ ಮುಹೂರ್ತದ ದಿನ ಎಲ್ಲರೂ ಬುಕ್ ಆಗಿರುತ್ತಾರೆ. ಬದಲಿ ಬೇಕಾಗುವುದೂ ಅಂಥ ದಿನವೇ. ನಾವು ಕಂಡುಕೊಂಡ ದಾರಿ ಹೀಗಿದೆ:

- ಕೆಲಸ ಕಡಿಮೆ ಮಾಡಿದ ಹಿರಿಯರ ಹೆಸರು ಪಟ್ಟಿಯಲ್ಲಿ ಇರಲಿ. ವರ್ಷಕ್ಕೊಮ್ಮೆ ಅವರನ್ನು ಕೂರಿಸಿಕೊಂಡು ಈಗಿನ ಮಿರರ್‌ಲೆಸ್ ಕ್ಯಾಮೆರಾ ಕೈಗೆ ಕೊಟ್ಟು ಅಭ್ಯಾಸ ಮಾಡಿಸಿ. ಧಾರೆಯಲ್ಲಿ ಯಾವಾಗ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.
- ಅಕ್ಕಪಕ್ಕದ ಎರಡು ತಾಲ್ಲೂಕಿನ ಸಂಘದವರ ನಂಬರ್ ಇಟ್ಟುಕೊಳ್ಳಿ. ಬರೀ ಅಧ್ಯಕ್ಷರದ್ದು ಸಾಲದು, ಫೋನ್ ಎತ್ತುವವರದ್ದು ಬೇಕು.
- ವರ್ಷದಲ್ಲಿ ತೀರಾ ಜಾಸ್ತಿ ಮದುವೆ ಇರುವ ನಾಲ್ಕೈದು ದಿನ ಒಬ್ಬರನ್ನು ಬೇಕೆಂದೇ ಖಾಲಿ ಇರಿಸಿ. ಅವರಿಗೆ ಸಂಘದಿಂದ ದಿನದ ಕೂಲಿ ಕೊಡಿ. ಹಣ ದಂಡ ಅಂತ ಮೊದಲ ವರ್ಷ ನಮ್ಮಲ್ಲೂ ಗೊಣಗಿದರು. ಎರಡನೇ ವರ್ಷ ಯಾರೂ ಮಾತಾಡಲಿಲ್ಲ.

ಬದಲಿಗೆ ಹೋದವರಿಗೆ ಎಷ್ಟು, ಯಾವಾಗ ಕೊಡಬೇಕು ಅನ್ನುವುದು ಮೊದಲೇ ತೀರ್ಮಾನ ಆಗಿರಲಿ. ಇನ್ನೊಂದು ನಿಯಮ ಇದಕ್ಕಿಂತ ಮುಖ್ಯ. ಬದಲಿಗೆ ಹೋದವರು ಆ ಮನೆಯಲ್ಲಿ ತಮ್ಮ ವಿಸಿಟಿಂಗ್ ಕಾರ್ಡ್ ಕೊಡಬಾರದು. ಕೊಟ್ಟರೆ ಪಟ್ಟಿ ಅಲ್ಲಿಗೇ ಸತ್ತಿತು. ನಮ್ಮಲ್ಲಿ ಒಮ್ಮೆ ಹಾಗಾಗಿ ಇಬ್ಬರು ಮೂರು ವರ್ಷ ಮಾತು ಬಿಟ್ಟಿದ್ದರು. ಸಭೆಯಲ್ಲಿ ಎದುರುಬದುರು ಕೂರಿಸುವುದೇ ನನಗೊಂದು ಕೆಲಸವಾಗಿತ್ತು.

ಎರಡು: ಗಿರಾಕಿಗೆ ಕೊಡುವ ಒಂದು ಹಾಳೆ

ನಮ್ಮಲ್ಲಿ ಬುಕಿಂಗ್ ಅಂದರೆ ಡೈರಿಯಲ್ಲಿ ಒಂದು ಸಾಲು, ಮತ್ತೆ ಅಡ್ವಾನ್ಸ್. ಮಿಕ್ಕಿದ್ದೆಲ್ಲ ಬಾಯಿಮಾತು. ‘ಗುರುತಿನವರು, ಅವರ ಹತ್ರ ಏನು ಬರೆಸಿಕೊಳ್ಳೋದು’ ಅನ್ನುವ ಸಂಕೋಚ. ಮುಂದೆ ಜಗಳ ಬರುವುದು ಹೆಚ್ಚಾಗಿ ಗುರುತಿನವರ ಜೊತೆಗೇ. ಸಂಘವೇ ಒಂದು ಮಾದರಿ ಹಾಳೆ ಅಚ್ಚು ಹಾಕಿಸಿಕೊಟ್ಟರೆ ಆ ಸಂಕೋಚ ಅರ್ಧ ಹೋಗುತ್ತದೆ. ‘ನಂದೇನಿಲ್ಲ ಅಣ್ಣಾ, ಸಂಘದ ರೂಲು’ ಅಂತ ಹೇಳಿ ಸಹಿ ಹಾಕಿಸಿಕೊಳ್ಳಬಹುದು.

ಹಾಳೆ ಕನ್ನಡದಲ್ಲಿರಲಿ, ಒಂದೇ ಪುಟ ಇರಲಿ. ದಿನ, ಜಾಗ, ಎಷ್ಟು ಹೊತ್ತಿಂದ ಎಷ್ಟು ಹೊತ್ತಿನವರೆಗೆ, ಎಷ್ಟು ಜನ ಬರುತ್ತಾರೆ, ಆಲ್ಬಮ್ಮಿಗೆ ಎಷ್ಟು ಪುಟ, ಫೋಟೊ ಆರಿಸಿ ಕೊಡಲು ಗಿರಾಕಿಗೆ ಎಷ್ಟು ದಿನ. ಕೊನೆಯದನ್ನು ಮರೆಯಬೇಡಿ. ಮಗುವಿನ ನಾಮಕರಣಕ್ಕೆ ಬುಕ್ ಮಾಡಲು ಬಂದಾಗ ಮದುವೆ ಆಲ್ಬಮ್ಮಿನ ಆಯ್ಕೆ ತಂದುಕೊಟ್ಟವರನ್ನು ನಾನು ನೋಡಿದ್ದೇನೆ. ಮದುವೆ ಮುಂದೆ ಹೋದರೆ ಅಡ್ವಾನ್ಸ್ ಏನಾಗುತ್ತದೆ, ಒಟ್ಟು ಹಣ ಯಾವ ಯಾವ ಕಂತಿನಲ್ಲಿ, ಫೈಲುಗಳನ್ನು ನಾವು ಎಷ್ಟು ತಿಂಗಳು ಇಟ್ಟುಕೊಂಡಿರುತ್ತೇವೆ, ಇದೂ ಬರಲಿ.

ಇನ್ನು ಕಾಪಿರೈಟ್. ಇದನ್ನು ಸಭೆಯಲ್ಲಿ ಹೇಳಿದಾಗ ಅರ್ಧ ಜನ ನಂಬಲಿಲ್ಲ. ಫೋಟೊ ತೆಗೆದವನೇ ಅದರ ಹಕ್ಕುದಾರ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಬೇರೆ ಹೇಳುತ್ತದೆ. ಯಾರಾದರೂ ಹಣ ಕೊಟ್ಟು ಹೇಳಿ ತೆಗೆಸಿದ ಫೋಟೊಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಹಕ್ಕುದಾರರು. ಅಂದರೆ ನೀವು ತೆಗೆದ ಮದುವೆ ಫೋಟೊದ ಕಾಪಿರೈಟ್, ಕಾಗದ ಇಲ್ಲದಿದ್ದರೆ, ಗಿರಾಕಿಯದ್ದು. ಅದನ್ನು ಅಂಗಡಿ ಮುಂದೆ ದೊಡ್ಡದಾಗಿ ಹಾಕುವುದಕ್ಕೆ, ಇನ್‌ಸ್ಟಾಗ್ರಾಮಿಗೆ ಬಿಡುವುದಕ್ಕೆ ಅವರ ಒಪ್ಪಿಗೆ ಬೇಕು. ಯಾರೂ ಹೇಳದೆ ನೀವೇ ಕುಪ್ಪಳ್ಳಿಗೋ ಜೋಗಕ್ಕೋ ಹೋಗಿ ತೆಗೆದ ಫೋಟೊ ಮಾತ್ರ ನಿಮ್ಮದೇ. ಅದರ ಹಕ್ಕು ನಿಮ್ಮ ಜೀವಮಾನ ಪೂರ್ತಿ, ಆಮೇಲೆ ಇನ್ನೂ 60 ವರ್ಷ ಇರುತ್ತದೆ. 2012ರ ತಿದ್ದುಪಡಿಯಲ್ಲಿ ಬಂದ ಬದಲಾವಣೆ ಇದು.

ಆದ್ದರಿಂದ ಹಾಳೆಯ ಕೆಳಗೆ ಎರಡು ಚೌಕ ಇಡಿ. ‘ನಮ್ಮ ಫೋಟೊಗಳನ್ನು ಸ್ಟುಡಿಯೊ ಪ್ರಚಾರಕ್ಕೆ ಬಳಸಬಹುದು’ ಮತ್ತು ‘ಬಳಸಬಾರದು’. ಟಿಕ್ ಮಾಡಿಸಿಕೊಳ್ಳಿ. ಮಕ್ಕಳ ಫೋಟೊ ಇದ್ದರೆ ಮತ್ತೊಮ್ಮೆ ಬಾಯಲ್ಲೂ ಕೇಳಿ. ಬೇಡ ಅಂದವರ ಫೋಲ್ಡರ್ ಹೆಸರಿನಲ್ಲೇ ‘ಬೇಡ’ ಅಂತ ಸೇರಿಸಿಬಿಡಿ. ಎಡಿಟಿಂಗ್‌ಗೆ ಬಂದ ಹೊಸ ಹುಡುಗನಿಗೆ ನಿಮ್ಮ ಮಾತುಕತೆ ಏನು ಗೊತ್ತಿರುತ್ತದೆ?

ಡ್ರೋನ್ ಹಾರಿಸುವವರು ಹಾಳೆಯಲ್ಲಿ ಅದಕ್ಕೂ ಒಂದು ಸಾಲು ಬಿಡಬೇಕು. 2021ರ ಡ್ರೋನ್ ನಿಯಮದ ಪ್ರಕಾರ 250 ಗ್ರಾಂವರೆಗಿನದು ನ್ಯಾನೊ, ಅದಕ್ಕಿಂತ ಮೇಲೆ 2 ಕೆಜಿವರೆಗಿನದು ಮೈಕ್ರೊ. ದುಡಿಮೆಗೆ ಮೈಕ್ರೊ ಹಾರಿಸಲು ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು. ನಿಯಮ ಮುರಿದರೆ 1 ಲಕ್ಷ ರೂಪಾಯಿವರೆಗೂ ದಂಡ. ಹಾರಿಸುವ ಮುಂಚೆ, ಎಲ್ಲಿ ಹಾರಿಸಬಹುದು ಅಂತ ಬಣ್ಣದಲ್ಲಿ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಯಾವ ಬಣ್ಣದಲ್ಲಿದೆ ಅಂತ ನೋಡಿ. ಅಭಯಾರಣ್ಯದ ಅಂಚಿನ ಹೋಂಸ್ಟೇಯಲ್ಲಿ ಪ್ರಿ-ವೆಡ್ಡಿಂಗ್ ಇದ್ದರೆ ಅರಣ್ಯ ಇಲಾಖೆಯನ್ನು ಕೇಳದೆ ಡ್ರೋನ್ ಚೀಲದಿಂದಲೇ ತೆಗೆಯಬೇಡಿ.

ಮೂರು: ಫೈಲ್ ಕಳೆಯದ ಹಾಗೆ

ಫಿಲ್ಮ್ ಕಾಲದಲ್ಲಿ ರೋಲು ಲ್ಯಾಬಿನಲ್ಲಿ ಹಾಳಾದರೆ ಲ್ಯಾಬಿನವರನ್ನು ಬೈಯಬಹುದಿತ್ತು. ಈಗ ಬೈಯಲು ನಾವೇ ಉಳಿದಿದ್ದೇವೆ. ಬದಲಿ ಸಿಕ್ಕಿ, ಧಾರೆ ಚೆನ್ನಾಗಿ ಬಂದು, ರಾತ್ರಿ ಹಾರ್ಡ್ ಡಿಸ್ಕ್ ಕೈಕೊಟ್ಟರೆ ಧಾರೆಗೆ ಹೋಗದಿದ್ದಷ್ಟೇ ಆಯಿತು. ಇದರ ಬಗ್ಗೆ ಒಂದು ಇಡೀ ಸಭೆ ಇಡಿ. ಹೇಳಬೇಕಾದ ಕ್ರಮ ಇಷ್ಟು.

ಕ್ಯಾಮೆರಾದಲ್ಲಿ ಎರಡು ಕಾರ್ಡ್ ಸ್ಲಾಟ್ ಇದ್ದರೆ ಎರಡನೆಯದನ್ನು ಬ್ಯಾಕಪ್‌ಗೆ ಇಡಿ. ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ಹೋಗುವ ಸೆಟ್ಟಿಂಗ್ ಬೇಡ. ತುಂಬಾ ಜನ ಕ್ಯಾಮೆರಾ ಕೊಂಡ ದಿನದಿಂದ ಇದನ್ನು ನೋಡಿಯೇ ಇರುವುದಿಲ್ಲ. ಸಭೆಯಲ್ಲೇ ಎಲ್ಲರ ಕ್ಯಾಮೆರಾ ತೆಗೆಸಿ, ಮೆನುವಿಗೆ ಹೋಗಿ ಬದಲಾಯಿಸಿಕೊಡಿ. ನಾವು ಹಾಗೆ ಮಾಡಿದ ದಿನ ಹತ್ತೊಂಬತ್ತು ಕ್ಯಾಮೆರಾದಲ್ಲಿ ಹದಿನಾಲ್ಕು ತಪ್ಪು ಸೆಟ್ಟಿಂಗ್‌ನಲ್ಲಿದ್ದವು. ನನ್ನದೂ ಸೇರಿ.

ಮನೆಗೆ ಬಂದ ರಾತ್ರಿಯೇ ಎರಡು ಬೇರೆ ಬೇರೆ ಡಿಸ್ಕಿಗೆ ಕಾಪಿ ಮಾಡಿ. ಒಂದೇ ಡಿಸ್ಕಿನ ಎರಡು ಫೋಲ್ಡರ್ ಲೆಕ್ಕಕ್ಕಿಲ್ಲ. ಮೂರನೇ ಪ್ರತಿ ಬೇರೆ ಕಟ್ಟಡದಲ್ಲಿರಲಿ. ಅಂಗಡಿ ಪೇಟೆಯಲ್ಲಿದ್ದರೆ ಮನೆಯಲ್ಲಿ, ಇಲ್ಲವೇ ಇನ್ನೊಬ್ಬ ಸದಸ್ಯರ ಬೀರುವಿನಲ್ಲಿ. ಕ್ಲೌಡ್‌ಗೆ ಏರಿಸಿ ಅಂತ ಹೇಳುವುದು ಸುಲಭ. 100 ಎಂಬಿಪಿಎಸ್‌ನಲ್ಲಿ ತೆಗೆದ 4ಕೆ ವಿಡಿಯೊ ಒಂದು ಗಂಟೆಗೇ ಸುಮಾರು 45 ಜಿಬಿ ಆಗುತ್ತದೆ. ನಮ್ಮೂರ ನೆಟ್‌ನಲ್ಲಿ ಅದನ್ನು ಏರಿಸುವಷ್ಟರಲ್ಲಿ ಬೀಗರೂಟ ಮುಗಿದಿರುತ್ತದೆ. ಆಲ್ಬಮ್ಮಿಗೆ ಆರಿಸಿದ ಫೋಟೊಗಳನ್ನಾದರೂ ಕ್ಲೌಡ್‌ನಲ್ಲಿಡಿ.

ಎರಡು ಕಡೆ ಕಾಪಿ ಆದ ಮೇಲೆ ಹತ್ತಿಪ್ಪತ್ತು ಫೈಲುಗಳನ್ನು ನಿಜವಾಗಿ ತೆರೆದು ನೋಡಿ. ಕಡೆಯ ಫೈಲನ್ನು ತಪ್ಪದೆ ನೋಡಿ, ಕಾಪಿ ಅರ್ಧಕ್ಕೆ ನಿಂತಿದ್ದರೆ ಅಲ್ಲೇ ತಿಳಿಯುವುದು. ಅಲ್ಲಿಯತನಕ ಕಾರ್ಡ್ ಫಾರ್ಮ್ಯಾಟ್ ಮಾಡುವ ಹಾಗಿಲ್ಲ. ನನ್ನ ಕ್ರಮ ಹೀಗೆ: ತೆಗೆದ ಕಾರ್ಡನ್ನು ಡಬ್ಬಿಯಲ್ಲಿ ಮುಖ ಕೆಳಗೆ ಮಾಡಿ ಇಡುವುದು. ಕಾಪಿ ಆಗಿ ಪರೀಕ್ಷೆ ಮಾಡಿದ ಮೇಲಷ್ಟೇ ಮುಖ ಮೇಲೆ. ಕತ್ತಲಲ್ಲಿ, ನಿದ್ದೆಗಣ್ಣಿನಲ್ಲಿ ಇದಕ್ಕಿಂತ ಸರಳವಾದ್ದು ಬೇರೆ ಸಿಗಲಿಲ್ಲ.

ಏಪ್ರಿಲ್, ಮೇ ಸಂಜೆಗಳಲ್ಲಿ ನಮ್ಮ ಕಡೆ ಗುಡುಗು ಮಿಂಚು ಜೋರು. ಮದುವೆ ಸೀಜನ್ನೂ ಅದೇ. ಯುಪಿಎಸ್ ಇದೆ ಅಂತ ನಂಬಿ ಡಿಸ್ಕ್ ಸಿಕ್ಕಿಸಿಟ್ಟು ಮಲಗಬೇಡಿ. ಪ್ಲಗ್ ಕಿತ್ತಿಡಿ. ಇಂಟರ್ನೆಟ್ ತಂತಿಯನ್ನೂ ಕೀಳಿ.

ಎಷ್ಟು ಕಾಲ ಇಟ್ಟುಕೊಳ್ಳಬೇಕು ಅಂತ ಎಲ್ಲರೂ ಕೇಳುತ್ತಾರೆ. ಗ್ರಾಹಕರ ಆಯೋಗಕ್ಕೆ ದೂರು ಕೊಡಲು 2019ರ ಕಾಯ್ದೆಯಲ್ಲಿ ಎರಡು ವರ್ಷದ ಅವಧಿ ಇದೆ. ಆಲ್ಬಮ್ ಕೊಟ್ಟ ದಿನದಿಂದ ಅಷ್ಟು ಕಾಲವಾದರೂ ಇಟ್ಟಿರುವುದು ಒಳ್ಳೆಯದು ಅನ್ನುವುದು ನನ್ನ ಲೆಕ್ಕ. ಗಿರಾಕಿಗೆ ಪೂರ್ತಿ ಫೈಲು ಕೊಟ್ಟ ದಿನ ಒಂದು ಸಹಿಯನ್ನೂ ಹಾಕಿಸಿಕೊಳ್ಳಿ.

ನಾಲ್ಕು: ದರದ ಮಾತು

ಸಂಘ ಶುರುವಾದ ಮೊದಲ ವರ್ಷವೇ ಯಾರಾದರೂ ಎದ್ದು ನಿಂತು, ‘ಎಲ್ಲರೂ ಒಂದೇ ರೇಟು ಮಾಡೋಣ, ಕಡಿಮೆಗೆ ಮಾಡಿದವರಿಗೆ ದಂಡ ಹಾಕೋಣ, ಬೆಂಗಳೂರಿನವರನ್ನು ಛತ್ರದೊಳಗೆ ಬಿಡೋದು ಬೇಡ’ ಅನ್ನುತ್ತಾರೆ. ಜೋರು ಚಪ್ಪಾಳೆ ಬೀಳುತ್ತದೆ. ಅಲ್ಲೇ ತಡೆಯಿರಿ. 2002ರ ಸ್ಪರ್ಧಾ ಕಾಯ್ದೆಯ ಪ್ರಕಾರ ಒಂದೇ ವ್ಯಾಪಾರದವರು ಸೇರಿ ದರ ಕಟ್ಟುವುದು ತಪ್ಪು. ಸಂಘದ ಹೆಸರಲ್ಲಿ ಮಾಡಿದರೂ ತಪ್ಪೇ. ಡಬ್ಬಿಂಗ್ ತಡೆದ ವಿಚಾರದಲ್ಲಿ 2015ರಲ್ಲಿ ಸ್ಪರ್ಧಾ ಆಯೋಗ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೇ ದಂಡ ಹಾಕಿತ್ತು. ನಮ್ಮ ತಾಲ್ಲೂಕು ಸಂಘ ಯಾವ ಲೆಕ್ಕ?

ಅದರ ಬದಲು ಲೆಕ್ಕ ಹಾಕುವುದನ್ನು ಕಲಿಸಿ. ಕಡಿಮೆಗೆ ಮಾಡುವ ಹುಡುಗರು ಬಹಳ ಮಟ್ಟಿಗೆ ಲೆಕ್ಕ ಗೊತ್ತಿಲ್ಲದೆ ಮಾಡುತ್ತಾರೆ. ಬೋರ್ಡಿನ ಮೇಲೆ ಬರೆದು ತೋರಿಸಿ. ಒಂದು ಉದಾಹರಣೆ: ಕ್ಯಾಮೆರಾ, ಲೆನ್ಸ್, ಫ್ಲ್ಯಾಶ್ ಎಲ್ಲ ಸೇರಿ 4 ಲಕ್ಷ, ಬಾಳಿಕೆ ಐದು ವರ್ಷ. ವರ್ಷಕ್ಕೆ 80,000. ವರ್ಷದಲ್ಲಿ ದೊಡ್ಡ ಕೆಲಸದ ದಿನ ಸುಮಾರು 40 ಅಂದರೆ ದಿನಕ್ಕೆ 2,000 ಸಾಮಾನಿನ ಸವಕಳಿಗೇ ಹೋಯಿತು. ಅಂಗಡಿ ಬಾಡಿಗೆ, ಕರೆಂಟು ತಿಂಗಳಿಗೆ 8,000 ಅಂದರೆ ಆ 40 ದಿನಕ್ಕೆ ಹಂಚಿದಾಗ ತಲಾ 2,400. ಜೊತೆಗೆ ಬರುವ ಇನ್ನೊಬ್ಬರಿಗೆ ಮತ್ತು ಲೈಟ್ ಹಿಡಿಯುವ ಹುಡುಗನಿಗೆ 5,000. ಪೆಟ್ರೋಲ್ 1,000. ಮೂರು ದಿನದ ಎಡಿಟಿಂಗ್ 3,000. ಡಿಸ್ಕಿಗೆ 600. ಒಟ್ಟು 14,000. ಇದರಲ್ಲಿ ಆಲ್ಬಮ್ ಪ್ರಿಂಟ್ ಇಲ್ಲ, ನಿಮ್ಮ ಕೂಲಿಯೂ ಇಲ್ಲ. ‘ಆಲ್ಬಮ್ ಸೇರಿ ಹದಿನೈದು ಸಾವಿರ’ ಅನ್ನುವವನು ಯಾರ ಜೇಬಿನಿಂದ ಮದುವೆ ಮಾಡಿಸುತ್ತಿದ್ದಾನೆ? ಈ ಬೋರ್ಡು ನೋಡಿದ ಮೇಲೆ ನಮ್ಮ ಹುಡುಗರಲ್ಲಿ ಕೆಲವರು ತಾವಾಗಿಯೇ ದರ ಏರಿಸಿಕೊಂಡರು. ಕೆಲವರು ಏರಿಸಲಿಲ್ಲ. ಅದು ಅವರವರ ಇಷ್ಟ.

ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಅನ್ನುವುದನ್ನೂ ಅದೇ ದಿನ ಹೇಳಿಬಿಡಿ. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿಗೆ ಸರ್ಕಾರ ಒಂದು ರೂಪಾಯಿ ಕೂಡ ತೆಗೆದುಕೊಳ್ಳುವುದಿಲ್ಲ. ದುಡ್ಡು ಕೇಳುವವರು ಮಧ್ಯದವರು. ಕೈಕಸುಬಿನವರಿಗಿರುವ ಪಿಎಂ ವಿಶ್ವಕರ್ಮ ಯೋಜನೆಗೆ ಅರ್ಜಿ ಹಾಕೋಣ ಅಂತ ಓಡಾಡುವವರಿಗೂ ತಿಳಿಸಿ. ಅದರ 18 ಕಸುಬುಗಳಲ್ಲಿ ಫೋಟೊಗ್ರಫಿ ಇಲ್ಲ.

ಐದು: ಆಷಾಢದ ಕೆಲಸ

ಆಷಾಢದಲ್ಲಿ ಮದುವೆ ಇಲ್ಲ, ಮಳೆ ಬಿಡುವುದಿಲ್ಲ. ಸಭೆ, ತರಬೇತಿ ಎಲ್ಲ ಆಗ ಇಡಿ. ಮೊದಲ ತರಬೇತಿ ಬೂಷ್ಟಿನ ಬಗ್ಗೆ ಇರಲಿ. ಲೆನ್ಸಿನೊಳಗೆ ಜೇಡರ ಬಲೆಯ ಹಾಗೆ ಹರಡುವ ಫಂಗಸ್ ಮಲೆನಾಡು, ಕರಾವಳಿಯವರ ಶತ್ರು. ಗಾಳಿಯಾಡದ ಡಬ್ಬಿಯೊಳಗೆ ತೇವಾಂಶ 40ರಿಂದ 50 ಶೇಕಡಾ ಇದ್ದರೆ ಕ್ಷೇಮ. ಡ್ರೈ ಕ್ಯಾಬಿನೆಟ್ ಕೊಳ್ಳಲು ಆಗದಿದ್ದರೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ನೀಲಿ ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶ ಮಾಪಕ ಸಾಕು. ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ನೀರು ಕುಡಿದಿದೆ ಅಂತ. ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಬಹುದು. ಅಡುಗೆ ಪಾತ್ರೆಯಲ್ಲಿ ಮಾತ್ರ ಬಿಸಿ ಮಾಡಬೇಡಿ. ಲೆನ್ಸನ್ನು ಚರ್ಮದ ಚೀಲದಲ್ಲಿ ಇಡಬೇಡಿ, ಅದೇ ತೇವ ಹಿಡಿದಿಡುತ್ತದೆ. ಡಬ್ಬಿಗೆ ಅಕ್ಕಿ ಸುರಿಯುವ ಉಪಾಯವೂ ಬೇಡ, ಧೂಳು ಲೆನ್ಸಿಗೆ ಸೇರುತ್ತದೆ. ಸಂಘದಿಂದ ಹತ್ತು ಕಿಲೊ ಜೆಲ್ ಒಟ್ಟಿಗೆ ತರಿಸಿ ಹಂಚಿದರೆ ಎಲ್ಲರಿಗೂ ಅಗ್ಗ.

ಆರು: ಈಗ ನೋಂದಣಿ

ಇಷ್ಟೆಲ್ಲ ಒಂದು ವರ್ಷ ನಡೆದರೆ ಯಾರು ನಿಜವಾಗಿ ಬರುತ್ತಾರೆ, ಯಾರು ಊಟಕ್ಕೆ ಮಾತ್ರ ಬರುತ್ತಾರೆ ಅಂತ ತಿಳಿದಿರುತ್ತದೆ. ಪದಾಧಿಕಾರಿಗಳನ್ನು ಆರಿಸಲು ಅದು ಬೇಕು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಜನ ಬೇಕು. ಸಂಘದ ಹೆಸರು, ವಿಳಾಸ, ಉದ್ದೇಶ ಇರುವ ಜ್ಞಾಪನ ಪತ್ರ ಮತ್ತು ಬೈಲಾ ಸಿದ್ಧ ಮಾಡಿ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಕೊಡಬೇಕು. ಉದ್ದೇಶದಲ್ಲಿ ಕಲೆ, ತರಬೇತಿ, ಸದಸ್ಯರ ನೆರವು ಇರಲಿ. ಲಾಭ ಹಂಚಿಕೊಳ್ಳುವ ಮಾತು ಎಲ್ಲೂ ಬರಬಾರದು. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಇಡಿ, ಅವರಿಬ್ಬರೂ ನೆಂಟರಾಗಿರದಿದ್ದರೆ ಒಳ್ಳೆಯದು.

ನೋಂದಣಿ ಆದ ಸಂತೋಷದಲ್ಲಿ ಮರೆಯುವುದು ವಾರ್ಷಿಕ ಲೆಕ್ಕ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಸಬೇಕು. ಆಮೇಲೆ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ ಮತ್ತು ಆಡಿಟ್ ಆದ ಲೆಕ್ಕ ಸಲ್ಲಿಸಬೇಕು. ಆಷಾಢದಲ್ಲೇ ಸಭೆ ಮುಗಿಸಿದರೆ ಇದಕ್ಕೆಲ್ಲ ಪುರುಸೊತ್ತು ಇರುತ್ತದೆ.

ಏಳು: ನೆರವು

ಸದಸ್ಯತ್ವದ ಹಣದಲ್ಲಿ ಒಂದು ಭಾಗ ನೆರವಿಗೆ ಅಂತ ಬೇರೆ ಇಡಿ. ಚೀಟಿ ವ್ಯವಹಾರ ಮಾತ್ರ ಸಂಘದೊಳಗೆ ತರಬೇಡಿ. ಚೆನ್ನಾಗಿದ್ದ ಸಂಘಗಳು ಚೀಟಿಯಿಂದ ಒಡೆದದ್ದು ಕಂಡಿದ್ದೇನೆ. ನಮ್ಮ ಕೆಲಸ ರಾತ್ರಿ ಪ್ರಯಾಣದ್ದು, ಹೆಚ್ಚಿನವರದ್ದು ಬೈಕು. ಆದ್ದರಿಂದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಪ್ರತಿಯೊಬ್ಬರಿಗೂ ಇರಲೇಬೇಕು. ವರ್ಷಕ್ಕೆ 20 ರೂಪಾಯಿ, 18ರಿಂದ 70 ವರ್ಷದವರಿಗೆ, ಅಪಘಾತದಲ್ಲಿ ಸತ್ತರೆ 2 ಲಕ್ಷ. 50ರೊಳಗಿನವರು 436 ರೂಪಾಯಿಯ ಜೀವನ್ ಜ್ಯೋತಿ ಜೀವ ವಿಮೆಗೂ ಸೇರಬಹುದು. ಎರಡೂ ಜೂನ್ 1ಕ್ಕೆ ಹೊಸದಾಗುತ್ತವೆ. ಮೇ ಕೊನೆಯಲ್ಲಿ ಖಾತೆಯಲ್ಲಿ ಹಣ ಇದೆಯಾ ಅಂತ ಕಾರ್ಯದರ್ಶಿ ಎಲ್ಲರಿಗೂ ಫೋನ್ ಮಾಡಿ ಕೇಳಬೇಕು. ಸಂದೇಶ ಹಾಕಿದರೆ ಯಾರೂ ಓದುವುದಿಲ್ಲ.

ಹಣಕ್ಕಿಂತ ಬೇರೆಯದೊಂದು ನೆರವು ಇದೆ. ಅದನ್ನು ನಾವು ಕಷ್ಟ ಬಂದ ಮೇಲೆ ಕಲಿತೆವು. ಪ್ರತಿಯೊಬ್ಬ ಸದಸ್ಯರೂ ಸ್ಟುಡಿಯೊ ಮೇಜಿನ ಖಾನೆಯಲ್ಲಿ ಒಂದು ಲಕೋಟೆ ಇಡಬೇಕು. ಯಾವ ಮದುವೆಯ ಫೈಲು ಯಾವ ಡಿಸ್ಕಿನಲ್ಲಿದೆ, ಯಾರ ಆಲ್ಬಮ್ ಬಾಕಿ, ಯಾರು ಎಷ್ಟು ಕೊಡಬೇಕು, ಲ್ಯಾಬಿಗೆ ಎಷ್ಟು ಬಾಕಿ, ಕಂಪ್ಯೂಟರಿನ ಪಾಸ್‌ವರ್ಡ್. ಸೀಜನ್ನಿನಲ್ಲಿ ತಿಂಗಳಿಗೊಮ್ಮೆ ತಿದ್ದಬೇಕು. ಮನೆಯಲ್ಲಿ ಒಬ್ಬರಿಗೆ, ಸಂಘದಲ್ಲಿ ಒಬ್ಬರಿಗೆ ಆ ಖಾನೆ ಗೊತ್ತಿರಬೇಕು.

ನಮ್ಮ ಸದಸ್ಯರೊಬ್ಬರು ಜೂನ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಲಕೋಟೆ ಇರಲಿಲ್ಲ. ಕಂಪ್ಯೂಟರ್ ತೆರೆಯಲಿಕ್ಕೇ ವಾರ ಹಿಡಿಯಿತು. ಅವರ ಮಗಳು ತಾರೀಕು ಊಹಿಸಿ ಊಹಿಸಿ ಪಾಸ್‌ವರ್ಡ್ ಕಂಡುಹಿಡಿದಳು. ಹನ್ನೊಂದು ಮದುವೆಯ ಆಲ್ಬಮ್ ಬಾಕಿ ಇದ್ದವು. ನಾಲ್ಕು ಜನ ಹಂಚಿಕೊಂಡು ಡಿಸೈನ್ ಮಾಡಿದೆವು. ಪ್ರಿಂಟಿನ ಹಣವನ್ನು ಸಂಘ ಕೊಟ್ಟಿತು. ಆಲ್ಬಮ್ ಕೊನೆಯ ಪುಟದಲ್ಲಿ ಅವರ ಸ್ಟುಡಿಯೊ ಹೆಸರನ್ನೇ ಹಾಕಿದೆವು. ಬಾಕಿ ವಸೂಲಿಗೆ ನಾನು ಮತ್ತು ಖಜಾಂಚಿ ಹೋದೆವು. ಗಿರಾಕಿಗಳಲ್ಲಿ ಒಬ್ಬರೂ ಚೌಕಾಸಿ ಮಾಡಲಿಲ್ಲ. ಕಡೆಯ ಆಲ್ಬಮ್ ದೀಪಾವಳಿಯ ಹಿಂದಿನ ದಿನ ಕೊಟ್ಟು, ಪ್ರಿಂಟಿನ ಖರ್ಚು ಕಳೆದು ಉಳಿದ ಹಣವನ್ನು ಅವರ ಮನೆಗೆ ತಲುಪಿಸಿ ಬಂದೆವು.